ಬಿಟ್ಟು ಓದಿದ ಸಾಲು

14 ಫೆಬ್ರುವರಿ 2024, ಬುಧವಾರ

ಲಾಳಿಗೆ ಹಾಕುವ ಹದಿನೆಂಟು ಕಂಡಿಕೆ ನೂಲು ಸುತ್ತಿದೆ. ರಾಟಿಯ ಹಗ್ಗ ಮತ್ತೆ ಸಡಿಲ. ಅವ್ವ ಸತ್ತ ವರ್ಷ ಐದನೆಯ ಇಯತ್ತೆಗೆ ಶಾಲೆ ಬಿಟ್ಟು ದೊಡ್ಡವ್ವನ ಮನೆಗೆ ಬಂದೆ. ಅಂದಿನಿಂದ ಹನ್ನೊಂದು ವರ್ಷ ಇದೇ ರಾಟಿ. ದೊಡ್ಡವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಲೇ ಇದ್ದಳು. ಸೀರೆ ಸೆರಗಿಗೆ ಬಂದಿದೆ. ಈಗ ಮನೆಗೆ ಬೆಂಕಿ ಬಿದ್ದರೂ ತಲೆ ಎತ್ತುವುದಿಲ್ಲ.

ಮೂರು ಗಂಟೆಗೆ ಅವಳ ಫೋನು ಟಿಂಗ್ ಎಂದಿತು. ಸಾವುಕಾರ ಶಿವಸಂಗಪ್ಪನ ನಂಬರಿನಿಂದ ಲಗ್ನಪತ್ರಿಕೆ. ಇವನದು ಯಾವಾಗಲೂ ಹೀಗೇ. ಗಿರಾಕಿಯ ಮನೆಯ ಲಗ್ನಪತ್ರಿಕೆಯ ಬೆನ್ನಿಗೆ ಸೀರೆಯ ಬಣ್ಣ, ಕೊಡುವ ದಿನ ಬರೆದು ಐದಾರು ಮಗ್ಗದವರಿಗೆ ಒಮ್ಮೆಲೇ ಕಳಿಸುತ್ತಾನೆ. ಯಾರು ಮೊದಲು ತೆರೆದು 'ಹೂಂ' ಅನ್ನುತ್ತಾರೋ ಅವರಿಗೆ ನೂಲು. ನಾಯಿಗಳ ನಡುವೆ ರೊಟ್ಟಿ ಎಸೆದು ನೋಡುವ ಚಟ. ಬಾದಾಮಿ ಕಡೆಯ ದೊಡ್ಡ ಮದುವೆ ಇದೆ, ಹತ್ತು ಸೀರೆ ಎಂದು ವಾರದಿಂದ ಮೀಸೆ ತಿರುವುತ್ತಿದ್ದ.

"ಲಗೂನ ತಗೀ ನಾಗೀ! ಮೂಲಿಮನಿಯಾಕಿ ತಗದಾಳು!" ದೊಡ್ಡವ್ವ ಕೂಗಿದಳು. ಲಾಳಿ ಮಾತ್ರ ಬಿಡಲಿಲ್ಲ.

ತೆರೆದೆ. ಇಂಗ್ಲಿಷಿನಲ್ಲಿ ಏನೋ ಕೇಳಿತು. 'ಅಲೋ', ಒಳಗೆ ಬಿಡು ಅನ್ನುವ ಗುಂಡಿ, ಗೊತ್ತು — ಫೋನು ಯಾವಾಗಲೂ ಅದನ್ನೇ ಕೇಳುತ್ತದೆ. ಒತ್ತಿದೆ. ಮತ್ತೆ ಕೇಳಿತು. ಒತ್ತಿದೆ. ನಾಲ್ಕು ಸಲ. ಗಾಲಿಯಂಥದ್ದು ತಿರುಗಿತು, ನಿಂತಿತು. ಪತ್ರಿಕೆ ಕಾಣಲಿಲ್ಲ. ಆದರೂ 'ಹೂಂ' ಎಂದು ಕಳಿಸಿದೆ. ಉತ್ತರವಿಲ್ಲ. ಸೊಕ್ಕು.

16 ಫೆಬ್ರುವರಿ, ಶುಕ್ರವಾರ

ಮಗ್ಗದ ಕೋಣೆಯ ಸ್ಲ್ಯಾಬಿಗೆ ಬಂದಿದ್ದ ಸರ್ಕಾರಿ ಕಂತು ಹೋಗಿದೆ. ಪೂರ್ತಿ. ಗೋಡೆ ಎದ್ದು ನಿಂತಿದೆ, ಗೌಂಡಿ ಬಂದು ಬಾಗಿಲಲ್ಲಿ ಕೂತಿದ್ದಾನೆ. ದೊಡ್ಡವ್ವನ ಖಾತೆಯಲ್ಲಿ ಏನೂ ಇಲ್ಲ.

ಫೋನು ರಿಪೇರಿ ಮಾಡುವ ಸಾಹಿಲನ ಅಂಗಡಿಗೆ ಹೋದೆವು. ನೋಡಿದವನೇ ನಾಲಿಗೆ ಕಚ್ಚಿಕೊಂಡ.

"ಇದು ಪತ್ರಿಕಿ ಅಲ್ಲವಾ ಚಂದ್ರವ್ವಾ. ಪತ್ರಿಕಿ ವೇಷ ಹಾಕ್ಕೊಂಡ್ ಬಂದ ಕಳ್ಳ. ಒಳಗ ಕುಂತು ಬ್ಯಾಂಕಿನ ಮೆಸೇಜ್ ಎಲ್ಲಾ ಓದಿ ಆ ಕಡಿಯಾಂವಗ ಕಳಸತೈತಿ. ಸಾವ್ಕಾರನ ಫೋನಿಗೂ ಹೊಕ್ಕೈತಿ, ಅಲ್ಲಿಂದ ನಿಮಗ. ಯಾರ್ ಒತ್ತಿದ್ರಿ ಇದನ್ನ?"

"ಒತ್ತೀವಪ್ಪಾ," ಎಂದಳು ದೊಡ್ಡವ್ವ. ನನ್ನ ಕಡೆ ನೋಡಲಿಲ್ಲ.

ಅವಳ ಫೋನಿನಿಂದಲೂ ಅದು ಓಣಿಗೆಲ್ಲ ಹೋಗಿದೆ. ಇಬ್ಬರು ತೆರೆದಿದ್ದಾರೆ. ಆಗಲೇ ಹೆಸರು ಬಿದ್ದಿದೆ — ಚಂದ್ರವ್ವನ ಲಗ್ನ. ನಳದ ಹತ್ತಿರ ಹೆಂಗಸರು "ಮುಹೂರ್ತ ಯಾವಾಗ ಬೇ?" ಎಂದು ಕೇಳಿ ಬಿದ್ದು ಬಿದ್ದು ನಗುತ್ತಾರೆ. ಕೊಡ ತುಂಬಿಸುವಷ್ಟು ಹೊತ್ತೂ ತಡೆಯಲಾರದ ಬಾಯಿಗಳು.

19 ಫೆಬ್ರುವರಿ, ಸೋಮವಾರ

ಬ್ಯಾಂಕಿನವನು ಕುರ್ಚಿಯಿಂದ ಏಳಲೂ ಇಲ್ಲ. "ನಿಮ್ಮ ಫೋನು, ನಿಮ್ಮ ಬಟ್ಟು. ಬ್ಯಾಂಕ್ ಏನ್ ಮಾಡ್ತೈತ್ರಿ?" ಹಿಂದಿನ ಗೋಡೆಯಲ್ಲಿ ನಗುವ ಹುಡುಗಿಯ ಪೋಸ್ಟರು. ನಿಮ್ಮ ನಂಬಿಕೆ ನಮ್ಮ ಹೊಣೆ ಎಂದು ಬರೆದಿತ್ತು. ಮೂರು ಸಲ ಓದಿದೆ.

ಠಾಣೆಯಲ್ಲಿ ಅರ್ಜಿ ಬರೆದುಕೊಡಿ ಎಂದರು. ಓಣಿಯವರ ಅರ್ಜಿಗಳೆಲ್ಲ ನನ್ನ ಕೈಯವೇ. ಓದಾಕಿ ಅನ್ನುತ್ತಾರೆ ನನ್ನನ್ನು. ಮಂದಿಯ ಎದುರು ಬಾಯಿ ಬಿಡಲಾರದವಳು ನಾನು — ಯಾರಾದರೂ ಹೆಸರು ಕೇಳಿದರೂ ದೊಡ್ಡವ್ವನ ಬೆನ್ನ ಹಿಂದೆ ಸರಿಯುತ್ತೇನೆ. ಓಣಿಯವರು ನನಗೆ ಕೊಟ್ಟಿರುವ ಮರ್ಯಾದೆ ಆ ಹೆಸರೊಂದೇ.

ಬರೆದೆ. ಪತ್ರಿಕೆ ಬಂದದ್ದು, ದುಡ್ಡು ಹೋದದ್ದು. ನಡುವೆ ಒಂದು ಸಾಲು: 'ನಾನು, ಚಂದ್ರವ್ವ, ನನ್ನ ಕೈಯಾರೆ ಒತ್ತಿದ್ದೇನೆ.' ಫೋನು ಅವಳದು, ಖಾತೆ ಅವಳದು, ಬೆರಳೂ ಅವಳದೇ ಇರಲಿ. ಯಾರಿಗೇನು ನಷ್ಟ?

"ಏನ್ ಬರದಿ? ಓದಿ ಹೇಳವಾ," ಎಂದಳು.

ಓದಿದೆ. ಆ ಸಾಲು ಬಿಟ್ಟು ಓದಿದೆ. ಅವಳು ತಲೆ ಆಡಿಸಿ ಹೆಬ್ಬೆಟ್ಟು ಒತ್ತಿದಳು.

11 ಜೂನ್, ಮಂಗಳವಾರ

ಮಳೆ. ಸ್ಲ್ಯಾಬಿಲ್ಲದ ಕೋಣೆಗೆ ಹೊದಿಸಿದ್ದ ತಾಡಪತ್ರಿ ಹರಿದು ಕುಣಿಯೊಳಗೆ ಮೊಣಕಾಲಷ್ಟು ನೀರು. ಮಗ್ಗದ ಹಾಸಿನ ನೂಲು ನೆನೆದು ಬಣ್ಣ ಬಿಟ್ಟಿತು. ಇಬ್ಬರೂ ತಂಬಿಗೆಯಿಂದ ನೀರು ಎತ್ತಿ ಹಾಕಿದೆವು, ಮಧ್ಯಾಹ್ನದವರೆಗೆ.

ಶಿವಸಂಗಪ್ಪ ಕೊಡೆ ಹಿಡಿದುಕೊಂಡು ಬಂದ. ಒಳಗೆ ಬರಲಿಲ್ಲ, ಚಪ್ಪಲಿ ಕೆಸರಾಗುತ್ತದೆ.

"ಸೀರಿ ನೇಯ್ತಿಯೋ ಮೀನ ಸಾಕ್ತಿಯೋ ಚಂದ್ರವ್ವಾ?"

"ನಿಮ್ಮ ನಂಬರ್‍ದಿಂದನ ಬಂದಿತ್ತಲ್ರಿ ಆ ಪತ್ರಿಕಿ."

"ನಾ ಏನ್ ಒತ್ತಂತ ಹೇಳಿದ್ನೇನು? ನೂಲು ತಿರುಗಿ ಕೊಡು. ಸ್ಲ್ಯಾಬ್ ಆದಮ್ಯಾಲೆ ನೋಡೂಣು."

ನೂಲು ಹೊತ್ತುಕೊಂಡು ಹೋದ. ತನ್ನ ಫೋನಿಗೆ ಕಳ್ಳ ಹೊಕ್ಕದ್ದನ್ನು ಇಂದಿಗೂ ಒಪ್ಪಿಲ್ಲ, ಗಂಡಸು.

9 ಏಪ್ರಿಲ್ 2025, ಬುಧವಾರ

ಹತ್ತು ತಿಂಗಳು ಇದರಲ್ಲಿ ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಮಗ್ಗದ ಮೇಲೆ ತಾಡಪತ್ರಿ, ದೊಡ್ಡವ್ವ ಬೇರೆಯವರ ಮಗ್ಗದಲ್ಲಿ ಕೂಲಿಗೆ.

ಇಂದು ಟಿವಿಯಲ್ಲಿ ತೋರಿಸಿದರು. ಲಗ್ನಪತ್ರಿಕೆಯ ಕಳ್ಳರು ಐದು ಮಂದಿ. ಇಬ್ಬರು ಒಂದು ದೇಶ, ಮೂವರು ಇನ್ನೊಂದು. ಎರಡೂ ಕಡೆ ಹಿಡಿದಿದ್ದಾರೆ, ಆರೋಪಪಟ್ಟಿ ಹಾಕಿದ್ದಾರೆ. ಎಷ್ಟೋ ಸಾವಿರ ಫೋನು, ಎಷ್ಟೋ ಬ್ಯಾಂಕು. ವಾರ್ತೆ ಓದುವವನು ಅವರನ್ನು "ಚಾಣಾಕ್ಷರು", "ಮಾಸ್ಟರ್ ಮೈಂಡ್" ಎಂದು ಹೊಗಳಿದ್ದೇ ಹೊಗಳಿದ್ದು. ಅಳಿಯನನ್ನು ಪರಿಚಯ ಮಾಡಿಕೊಟ್ಟ ಹಾಗೆ.

ಫೋಟೊ ನೋಡಿದೆ. ಏನೋ ಅಂದುಕೊಂಡಿದ್ದೆ. ಒಬ್ಬ ದೋಣಿಯಲ್ಲಿ ಬರೀ ಮೈಯಲ್ಲಿ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದಾನೆ, ಹೊಟ್ಟೆ ಚಡ್ಡಿಯ ಮೇಲೆ ಜೋತು ಬಿದ್ದಿದೆ. ಇನ್ನೊಬ್ಬನಿಗೆ ಗಡ್ಡ ಬೆಳೆದದ್ದೇ ಅರ್ಧ. ಇವರಿಗೆ ಹರಿದ ಒಂದು ಎಳೆ ಗಂಟು ಹಾಕಲು ಬರುತ್ತದೆಯೇ? ಒಂದು ಲಗ್ನಪತ್ರಿಕೆ ಬರೆಯಲು ಬರುತ್ತದೆಯೇ — ಸೋದರಮಾವ ಯಾರು, ಅಕ್ಕಿಕಾಳು ಎಷ್ಟು ಗಂಟೆಗೆ? ಏನೂ ಇಲ್ಲ. ಹೊರಗೆ ಹೆಸರು, ಒಳಗೆ ಖಾಲಿ. ಅಷ್ಟಕ್ಕೇ ನಾವು ಬಾಗಿಲು ತೆರೆದೆವು.

ದೊಡ್ಡವ್ವ ಬಹಳ ಹೊತ್ತು ನೋಡಿದಳು. "ಪಾಪ, ಇವರವ್ವ ಏನ್ ಅಂತಿರಬೇಕು," ಎಂದಳು.

ಸಿಟ್ಟು ಬಂತು. ಎದ್ದು ಹೋಗಿ ರಾಟಿಯ ಮುಂದೆ ಕೂತೆ. ಸುತ್ತಲು ನೂಲಿರಲಿಲ್ಲ.

19 ಮೇ, ಸೋಮವಾರ

ಪೊಲೀಸ್ ಯಮನೂರ ನೋಟಿಸ್ ತಂದ. ಮಂಗಳವಾರ, 27ಕ್ಕೆ ಬಾಗಲಕೋಟೆಗೆ ಬರಬೇಕಂತೆ. ಬೆಂಗಳೂರಿನ ಅಧಿಕಾರಿ ಬರುತ್ತಾರೆ. ದುಡ್ಡು ಕಳಕೊಂಡವರೆಲ್ಲ ಮತ್ತೊಮ್ಮೆ ಹೇಳಿಕೆ ಕೊಡಬೇಕು. ಚಹಾ ಕುಡಿಯುತ್ತ ಬಿಡಿಸಿ ಹೇಳಿದ:

"ಆ ಮಕ್ಕಳ ಖಾತಿ ಹಿಡದಾರ. ದುಡ್ಡು ಸಿಕ್ಕೈತಿ. ಪಟ್ಟಿಯೊಳಗ ಹೆಸರಿದ್ದೋರಿಗೆ ತಿರುಗಿ ಬರತೈತಿ. ಆದ್ರ ಹೇಳಿಕಿ ಸರಿ ಇರಬೇಕ ನೋಡವಾ. ಅವರ ವಕೀಲ ಹೆಂಥಾ ವಕೀಲ! ಒಂದು ಸುಳ್ಳು ಸಿಕ್ರ ಹೆಸರು ಹೊಡದು ಹಾಕ್ತಾರ. ಆಮ್ಯಾಲೆ ನಿನ್ನ ಸ್ಲ್ಯಾಬು ಆ ದೋಣಿಯಾಗ ಹೋತಂತ ತಿಳಿ."

"ನಂದೇನ್ ಸುಳ್ಳೈತಪ್ಪಾ? ನಮ್ಮ ನಾಗಿ ಬರದದ್ದು," ಎಂದಳು ದೊಡ್ಡವ್ವ. ನಗುತ್ತಲೇ ಹೇಳಿದಳು.

ನಾನು ಅವನ ಬಸಿಗೆ ಚಹಾ ಸುರಿದೆ. ಬಸಿ ತುಂಬಿದ್ದು ನೋಡಲಿಲ್ಲ, ಅವನ ಮೊಣಕಾಲ ಮೇಲೂ ಬಿತ್ತು. "ಓದಾಕಿ ಅಂತ! ಚಾ ಹಾಕಾಕ್ ಬರೂದಿಲ್ಲ," ಎಂದ.

25 ಮೇ, ಭಾನುವಾರ

ಹೇಳಬೇಕು ಎಂದು ಮೂರು ಸಲ ಅವಳ ಹತ್ತಿರ ಹೋದೆ. ಜೋಳ ಹಸನು ಮಾಡುತ್ತಿದ್ದಳು. "ಏನ?" ಎಂದಳು. "ಏನಿಲ್ಲ," ಎಂದೆ.

ಫೋನು ಅವಳಿಗೆ ಎಷ್ಟು ಬರುತ್ತದೆ? ಹಸಿರು ಗುಂಡಿ ಒತ್ತಿ ಕಿವಿಗೆ ಹಿಡಿಯುವುದು. ಮುಗಿಯಿತು. ಆ ಹೇಳಿಕೆ ನಿಲ್ಲುವುದಿಲ್ಲ. ಗೊತ್ತು ನನಗೆ. ಖರೆ ಹೇಳಿದರೆ? ಓಣಿಯ ತುಂಬ ಕಳ್ಳನನ್ನು ಬಿಟ್ಟವಳು ಓದಾಕಿಯೇ ಅನ್ನುತ್ತಾರೆ. ವರ್ಷವಿಡೀ ದೊಡ್ಡವ್ವನಿಗೆ ಬಿದ್ದ ನಗು ನನ್ನ ಮೇಲೆ ಬೀಳುತ್ತದೆ. ಅರ್ಜಿಯಲ್ಲಿ ಸುಳ್ಳು ಬರೆದದ್ದಕ್ಕೆ ನನ್ನ ಮೇಲೂ ಕೇಸು ಹಾಕಬಹುದು.

ದೋಣಿಯವನನ್ನು ಎಷ್ಟು ಬೈದರೂ ಈ ಲೆಕ್ಕ ಬದಲಾಗುತ್ತಿಲ್ಲ.

27 ಮೇ, ಮಂಗಳವಾರ

ಬೆಳಿಗ್ಗೆ 8 — ಬಸ್ಸಿನಲ್ಲಿ. ಹುನಗುಂದ, ಅಮೀನಗಡ ದಾಟಿತು. ಈ ಸಲ ಮಳೆ ಬೇಗ. ಕಿಟಕಿಯ ಗಾಜು ಮೇಲೇರುವುದಿಲ್ಲ. ದೊಡ್ಡವ್ವ ಟ್ರಂಕಿನಿಂದ ತೆಗೆದ ಸೀರೆ ಉಟ್ಟಿದ್ದಾಳೆ, ಅವಳೇ ನೇಯ್ದದ್ದು. ನೆನೆಯಬಾರದೆಂದು ಸೆರಗು ಮಡಿಲಲ್ಲಿ ಸುತ್ತಿ ಹಿಡಿದಿದ್ದಾಳೆ. ಅಮೀನಗಡದಲ್ಲಿ ಬಸ್ಸು ನಿಂತಾಗ ನನಗೆ ಕರದಂಟು ಕೊಡಿಸಿದಳು. ನನಗೆ. ಹತ್ತು ವರ್ಷದ ಮಗುವಿಗೆ ಕೊಡಿಸಿದ ಹಾಗೆ.

11.30 — ಬಾಗಲಕೋಟೆ. ಉದ್ದನೆಯ ಪಡಸಾಲೆ, ಬೆಂಚು. ನಲವತ್ತು ಮಂದಿ. ಎಲ್ಲರ ಬಾಯಲ್ಲೂ ಒಂದೇ — ನಾನು ಒತ್ತಿಲ್ಲ, ಅದೇ ಒತ್ತಿಕೊಂಡಿತು. ಪ್ಯಾಂಟಿನವರೊಬ್ಬರು, ಮೇಷ್ಟ್ರಂತೆ, ಹೆಚ್ಚು ಜೋರು. ಇವರೆಲ್ಲ ಸೇರಿದರೆ ಒಂದು ಖರೆ ಮಾತು ಹುಟ್ಟುವುದಿಲ್ಲ. ನಾನು ಅವರ ನಡುವೆಯೇ ಕೂತಿದ್ದೇನೆ, ಸರಿಯಾದ ಜಾಗ.

12.45 — ದೊಡ್ಡವ್ವನನ್ನು ಒಳಗೆ ಕರೆದರು. ನನ್ನನ್ನು ಹೊರಗೇ ಇರಲು ಹೇಳಿದರು. ಬಾಗಿಲು ಅರ್ಧ ತೆರೆದಿದೆ. ಕೇಳಿಸುತ್ತದೆ. ಅಧಿಕಾರಿಯದು ಬೆಂಗಳೂರು ಮಾತು.

"ಅಮ್ಮಾ, ಇಲ್ಲಿ 'ನನ್ನ ಕೈಯಾರೆ ಒತ್ತಿದ್ದೇನೆ' ಅಂತ ಬರ್ದಿದೆ. ನೀವೇ ಹೇಳಿ ಬರೆಸಿದ್ದಾ?"

ಆ ಸಾಲು ಅವಳ ಕಿವಿಗೆ ಬಿದ್ದದ್ದು ಇದೇ ಮೊದಲು. ಮೇಲೆ ಫ್ಯಾನು ತಿರುಗುತ್ತಿದೆ. ಅವಳ ಬೆನ್ನು, ಮೇಜಿನ ಒಂದು ಬದಿ ಕಾಣುತ್ತದೆ. ಈಗ ತಿರುಗುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ…

ತಿರುಗಲಿಲ್ಲ.

"ಹೌದ್ರಿ ಸಾಹೇಬ್ರ. ನಾನ ಒತ್ತೀನ್ರಿ. ನಮ್ಮ ಹುಡುಗಿದೇನೂ ಇಲ್ರಿ ಇದರಾಗ."

"ಹುಡುಗಿ ಬಗ್ಗೆ ಯಾರೂ ಕೇಳಲಿಲ್ವಲ್ಲಮ್ಮ. ಸರಿ, ಹೇಗೆ ಒತ್ತಿದ್ರಿ? ಈ ಫೋನಲ್ಲಿ ತೋರಿಸಿ."

ಮೇಜಿನ ಮೇಲೆ ಫೋನು ಇಟ್ಟರು. ಅವಳು ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಅತ್ತಿತ್ತ ನೋಡಿದಳು. ಮಸಿಯ ಡಬ್ಬಿ ಹುಡುಕುತ್ತಿದ್ದಾಳೆ. ಸಿಗಲಿಲ್ಲ. ಒಣ ಹೆಬ್ಬೆಟ್ಟನ್ನೇ ಗಾಜಿನ ಮೇಲೆ ಊರಿ, ಎಡಕ್ಕೆ ಬಲಕ್ಕೆ ಹೊರಳಿಸಿದಳು. ಅರ್ಜಿಯ ಮೇಲೆ ಒತ್ತಿದ ಹಾಗೆಯೇ.

"ಹಿಂಗ್ರಿ."

ಬರೆದುಕೊಳ್ಳುವವನು ನಕ್ಕ. ಬೆಂಚಿನ ಮೇಷ್ಟ್ರೂ ಇಣುಕಿ ನೋಡಿ ನಗುತ್ತಿದ್ದಾರೆ. ಅಧಿಕಾರಿ ಮಾತ್ರ ನಗಲಿಲ್ಲ. ಕನ್ನಡಕ ತೆಗೆದ. "ಈ ಹೆಸರು ಪಟ್ಟಿಯಿಂದ ಬಿಡಬೇಕಾಗತ್ತೆ ಕಣ್ರೀ," ಎನ್ನುತ್ತಿದ್ದಾನೆ.

ಅವಳು ಇನ್ನೂ ಒತ್ತುತ್ತಲೇ ಇದ್ದಾಳೆ. ಸರಿಯಾಗಿ ಮೂಡಿಲ್ಲ ಅಂದುಕೊಂಡಿರಬೇಕು.

ಎದ್ದಿದ್ದೇನೆ. ನಿಂತೇ ಬರೆಯುತ್ತಿದ್ದೇನೆ. ಬರಿಬಾಯಲ್ಲಿ ಹೇಳಲಾರೆ, ಬರೆದುಕೊಂಡರೆ ಒಳಗೆ ಹೋಗಿ ಓದಿಯಾದರೂ ಹೇಳಬಹುದು. ಬಿಡದೆ ಓದಬೇಕು. ಸಾಹೇಬರೇ, ದೊಡ್ಡವ್ವನಿಗೆ ಒತ್ತಲು ಬರುವುದಿಲ್ಲ. ಅವಳಿಗೆ ಗೊತ್ತಿಲ್ಲದೆ ಆ ಸಾಲು ಬರೆದವಳು ನಾನು. ಅಂದು ಮೂರು ಗಂಟೆಗೆ ಒತ್ತಿದ್ದು —