ಮೀಟರಿನಲ್ಲಿ ನಲವತ್ತು

ಬೆಳ್ಳೂರು
೧೨ ಅಕ್ಟೋಬರ್ ೨೦೨೫, ಆದಿತ್ಯವಾರ

ಪ್ರೀತಿಯ ಅಣ್ಣನಿಗೆ,

ಹೇಗಿದ್ದೀ? ಮಾನಂದವಾಡಿಯಲ್ಲಿ ಚಳಿ ಸುರುವಾಗಿರಬೇಕು. ಕೆಮ್ಮು ಪೂರ್ತಿ ಹೋಯಿತೇ? ನರ್ಸರಿಯಲ್ಲಿ ಗಿಡಗಳಿಗೆ ಮದ್ದು ಬಿಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ಅಮ್ಮ ಹೇಳಿಸಿದ್ದಾಳೆ. ಈಗಲೂ ನೀನು ಬಸ್ಸಿನಲ್ಲಿ ಕೊನೆಯ ಸೀಟಿನಲ್ಲೇ ಕೂರುತ್ತೀಯಂತೆ, ಎದುರಿನ ರಸ್ತೆ ಕಾಣಬಾರದೆಂದು. ಫೋನಿನಲ್ಲಿ ಜೀಪು ಎಂದ ಕೂಡಲೇ ಕಟ್ ಮಾಡುತ್ತೀ, ಅದಕ್ಕೇ ಈ ಲೆಟರ್. ಹಾಸ್ಟೆಲಿನಲ್ಲಿ ಏಳು ವರ್ಷ ಪ್ರತಿ ಆದಿತ್ಯವಾರ ಮನೆಗೆ ಬರೆದು ಬರೆದೇ ನನ್ನ ಕನ್ನಡ ಉಳಿದದ್ದು. ಇಂಗ್ಲಿಷ್ ಜಾಸ್ತಿ ಬಂದರೆ ನಗಬೇಡ. ಅರ್ಧದಲ್ಲಿ ಮಡಚಿಯೂ ಇಡಬೇಡ.

ನಾನು ಆರೋಗ್ಯ. ಪೂಜೆಯ ರಜೆಗೆ ಬಂದವಳು ಜ್ವರ ಎಂದು ಹೇಳಿ ಇನ್ನೂ ಕಾಲೇಜಿಗೆ ಹೋಗಿಲ್ಲ. ಜ್ವರ ಇಲ್ಲ. ಮೆಕ್ಯಾನಿಕಲ್‌ನಲ್ಲಿ ನಾವು ನಾಲ್ಕೇ ಹುಡುಗಿಯರು, ವರ್ಕ್‌ಶಾಪಿನಲ್ಲಿ ಕಬ್ಬಿಣ ಉಜ್ಜುವ ಅರ ನನಗಿನ್ನೂ ಒಗ್ಗಿಲ್ಲ, ಮುಂದಿನ ವಾರ ಮೊದಲ ಟೆಸ್ಟ್ ಉಂಟು. ಆದರೆ ಈಗ ನಿದ್ದೆ ಬಾರದಿರುವುದು ಅದರ ಟೆನ್ಶನ್‌ನಿಂದ ಅಲ್ಲ.

ಅಪ್ಪ ಜೀಪನ್ನು ಗುಜರಿಗೆ ಕೊಡಲು ಹೊರಟಿದ್ದರು. ಗುಡ್ಡದ ಮೇಲಿನ ತೋಟಗಳಿಂದ ರಬ್ಬರ್ ಶೀಟು ಇಳಿಸುವ ಕೆಲಸಕ್ಕೆ ಅದನ್ನೇ ಓಡಿಸುತ್ತಾರೆ, ಲೀಟರಿಗೆ ಏಳೇ ಕಿಲೋಮೀಟರ್ ಕೊಡುತ್ತದೆ. "ಇದು ಕುಡಿಯುವುದು ನೋಡಿದರೆ ಆನೆ ಸಾಕುವುದೇ ಒಳ್ಳೆದು" ಎಂದರು. ಜೀಪು ಹೋದರೆ ನೀನು ವಾಪಸು ಬರಲು ಇಲ್ಲಿ ಇನ್ನೆಂತ ಇದೆ ಅನ್ನಿಸಿತು. ಹತ್ತು ದಿನ ಕೊಡಿ, ಮೈಲೇಜ್ ಏರಿಸಿ ಕೊಡುತ್ತೇನೆ ಎಂದೆ. ಅಪ್ಪ ನಕ್ಕರು, ಎರಡು ವರ್ಷದಲ್ಲಿ ಮೊದಲ ಸಲ.

ನೀನು ಎಷ್ಟು ಆಸೆಯಿಂದ ಏರಿಸಿದ್ದೆಯೋ ಅದನ್ನೆಲ್ಲ ನಾನು ಒಂದೊಂದಾಗಿ ಇಳಿಸಿದೆ, ಬೇಜಾರು ಮಾಡಬೇಡ. ಮೇಲಿನ ಕ್ಯಾರಿಯರ್ ಬಿಚ್ಚಿದೆ, ಎದುರಿನ ಕಬ್ಬಿಣದ ಬಂಪರ್ ಬಿಚ್ಚಿದೆ, ಎರಡನೇ ಸ್ಟೆಪ್ನಿ ತೆಗೆದೆ. ಏರ್ ಫಿಲ್ಟರ್‌ನಲ್ಲಿ ಮುಷ್ಟಿ ಕೆಂಪು ಮಣ್ಣು ಇತ್ತು. ಕೆಸರಿನಲ್ಲಿ ಹಿಡಿತ ಬರಲೆಂದು ನಿನ್ನ ದೊಡ್ಡ ಟಯರುಗಳಲ್ಲಿ ನೀನು ಇಳಿಸಿದ್ದ ಗಾಳಿಯನ್ನೇ ಅಪ್ಪ ಹಾಗೇ ಮುಂದುವರಿಸಿದ್ದರು. ಡಾಮರು ರಸ್ತೆಗೆ ಬೇಕಾದಷ್ಟು ತುಂಬಿಸಿದೆ. ಒಂದು ಹಿಂದಿನ ಚಕ್ರದ ಬ್ರೇಕ್ ಹಿಡಿದುಕೊಂಡೇ ತಿರುಗುತ್ತಿತ್ತು, ಡ್ರಮ್ ಮುಟ್ಟಿದರೆ ಕಾವಲಿಯ ಬಿಸಿ. ಅದನ್ನೂ ಬಿಡಿಸಿದೆ.

ಇಷ್ಟೂ ದಿನ ಜೀಪಿನ ಅಡಿಯಲ್ಲಿ ಮಲಗಿ ಕೆಲಸ ಮಾಡುವಾಗ ವಸುಮತಿ ಟೀಚರರ ನೀಲಿ ಕೊಡೆ ಶೆಡ್ಡಿನ ಮೊಳೆಯಲ್ಲಿ ತೂಗುತ್ತಿತ್ತು. ಅವರ ಮನೆಯವರು ಬೇಡ ಎಂದ ಮೇಲೆ ಅಪ್ಪನೇ ಅದನ್ನು ಅಲ್ಲಿ ತೂಗಿಸಿದ್ದು, ನೆನಪಿರಲಿ ಎಂದು. ಗಾಳಿ ಇಲ್ಲದಾಗಲೂ ಅದು ಸ್ವಲ್ಪ ತಿರುಗುತ್ತದೆ ಅಣ್ಣ. ನಾನು ಸ್ಪ್ಯಾನರ್ ಕೆಳಗಿಟ್ಟು ನೋಡುತ್ತೇನೆ, ನಿಲ್ಲುತ್ತದೆ. ಅಂಗನವಾಡಿಯಲ್ಲಿ ನಮಗಿಬ್ಬರಿಗೂ ಕೆಂಪು ಮಂಜೊಟ್ಟಿ ಬೀಜ ಇಟ್ಟು ಲೆಕ್ಕ ಕಲಿಸಿದವರು ಅವರು. "ಅವಸರ ಎಂತಕ್ಕೆ ಪೂಜಿ, ಇನ್ನೊಮ್ಮೆ ಎಣಿಸು" ಎನ್ನುತ್ತಿದ್ದರಲ್ಲ, ಆ ದನಿ ಈಗ ಜೀಪಿನ ಅಡಿಯಲ್ಲಿ ಕೇಳುತ್ತದೆ.

ಟ್ಯಾಂಕ್ ಫುಲ್ ಮಾಡಿ ಓಡಿಸಿ, ಮತ್ತೆ ಫುಲ್ ಮಾಡಿ ನೋಡಿದೆವು. ಲೀಟರಿಗೆ ಒಂಬತ್ತು ಬಂತು. "ಎಂಜಿನಿಯರ್ ಆದೆಯಲ್ಲ ಮಾರಾಯ್ತಿ" ಎಂದು ಅಪ್ಪ ಡೀಸೆಲ್ ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ರೀಡಿಂಗ್ ಕರೆಕ್ಟ್ ಇದೆಯೋ ಎಂದು ಚೆಕ್ ಮಾಡುವ ನನ್ನ ಹುಚ್ಚು ಬಿಡಲಿಲ್ಲ. ಮುಳ್ಳೇರಿಯಕ್ಕೆ ಎರಡು ಸಲ ಹೋಗಿ ಬಂದೆವು, ಫೋನಿನ ಮ್ಯಾಪ್ ಹಾಕಿಟ್ಟೆ. ಫೋನಿನಲ್ಲಿ ನಲವತ್ತು ಕಿಲೋಮೀಟರ್, ಜೀಪಿನ ಮೀಟರಿನಲ್ಲಿ ಮೂವತ್ತನಾಲ್ಕು.

ಕಾರಣ ಸಿಂಪಲ್. ಟಯರ್ ದೊಡ್ಡದಾದರೆ ಒಂದು ಸುತ್ತಿಗೆ ಜೀಪು ಜಾಸ್ತಿ ದೂರ ಹೋಗುತ್ತದೆ, ಮೀಟರ್ ಮಾತ್ರ ಹಳೆ ಚಿಕ್ಕ ಟಯರಿನ ಲೆಕ್ಕವನ್ನೇ ತೋರಿಸುತ್ತದೆ. ಅಂದರೆ ಮೈಲೇಜ್ ಒಂಬತ್ತಲ್ಲ, ಹತ್ತೂವರೆ. ಅಪ್ಪನಿಗೆ ಖುಷಿ. ನಾನು ಮೀಟರಿನ ಮುಳ್ಳನ್ನೇ ನೋಡುತ್ತಾ ಕೂತೆ. ಯಾಕೆಂದರೆ ದೂರ ತೋರಿಸುವ ಕೇಬಲೇ ಸ್ಪೀಡನ್ನೂ ತೋರಿಸುವುದು. ಮುಳ್ಳು ನಲವತ್ತರಲ್ಲಿ ನಿಂತಿರುವಾಗ ಜೀಪು ಓಡುವುದು ನಲವತ್ತೇಳರಲ್ಲಿ.

ಟೀಚರರಿಗೆ ಜೀಪು ಬಡಿದ ಮೇಲೆ ನೀನು ಪೊಲೀಸರ ಹತ್ತಿರ, ಅಪ್ಪನ ಹತ್ತಿರ, ಟೀಚರರ ಮನೆಯ ಅಂಗಳದಲ್ಲಿ ನಿಂತು ಒಂದೇ ಮಾತು ಹೇಳಿದೆ: "ನಲವತ್ತರಲ್ಲೇ ಇದ್ದೆ, ಮೀಟರ್ ನೋಡಿದ್ದೇನೆ." ರಸ್ತೆಯ ಮೇಲಿನ ಟಯರಿನ ಗೆರೆ ಅಳೆದವರು ನಂಬಲಿಲ್ಲ. ಅಪ್ಪ ನಿನ್ನೊಡನೆ ಮಾತು ಬಿಟ್ಟದ್ದು ಟೀಚರರು ಹೋದದ್ದಕ್ಕಲ್ಲ. "ಜೀವ ಹೋದದ್ದು ಕೈಮೀರಿ ಆಯಿತು ಅಂತ ಹೇಳುವ. ಆ ಮೇಲೆ ಸುಳ್ಳು ಹೇಳಿದನಲ್ಲ, ಅದು ಎಂತಕ್ಕೆ?" ಎಂದು ಇವತ್ತಿಗೂ ಕೇಳುತ್ತಾರೆ. ನಾನೂ ನಿನ್ನನ್ನು ನಂಬಿರಲಿಲ್ಲ. ನೀನು ಸುಳ್ಳು ಹೇಳಿರಲಿಲ್ಲ ಅಣ್ಣ.

ನಿನ್ನೆ ಸಂಜೆ ನಾನೊಬ್ಬಳೇ ಆ ತಿರುವಿಗೆ ನಡೆದುಹೋದೆ. ಸ್ಪೀಡ್ ನಲವತ್ತೇಳು ಇದ್ದರೆ ಬ್ರೇಕ್ ಒತ್ತಿ ನಿಲ್ಲಲು ಬೇಕಾಗುವ ಜಾಗ, ನಲವತ್ತಕ್ಕಿಂತ ಹೆಚ್ಚುಕಡಿಮೆ ಮೂರು ಮೀಟರ್ ಜಾಸ್ತಿ. ಜೀಪು ಟೀಚರರನ್ನು ದಾಟಿ ನಿಂತದ್ದು ಎರಡೂವರೆ ಮೀಟರ್. ಲೆಕ್ಕ ತಪ್ಪಿರಲಿ ಎಂದು ಮತ್ತೆ ಮತ್ತೆ ಮಾಡಿದೆ. ಆ ದಿನ ರಸ್ತೆ ಒದ್ದೆ ಇತ್ತು, ಇಳಿಜಾರು ಉಂಟು, ಕಾಗದದ ಲೆಕ್ಕ ರಸ್ತೆಯಲ್ಲಿ ಹಾಗೇ ನಡೆಯುವುದಿಲ್ಲ ಎಂದು ಗೊತ್ತು. ಆದರೂ ಹೆಜ್ಜೆ ಹಾಕಿ ಅಳೆದೆ. ಒಂದು, ಎರಡು, ಮೂರು, ನಾಲ್ಕು. ಹಿಂದಿನಿಂದ ಯಾರೋ ಇನ್ನೊಮ್ಮೆ ಎಣಿಸು ಎಂದ ಹಾಗಾಯಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಇನ್ನೊಮ್ಮೆ ಎಣಿಸಿದೆ.

ಅಮ್ಮ ನಿನಗೆ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ, ಬೇರೆ ಪಾರ್ಸೆಲ್ ಮಾಡುತ್ತೇನೆ. ಅವಳ ಆಶೀರ್ವಾದ ಯಾವಾಗಲೂ ನಿನ್ನ ಜೊತೆಗಿದೆ. ಅಪ್ಪ ಎಂದಿನಂತೆ ಎಂತದೂ ಹೇಳಿಸಲಿಲ್ಲ. ಮದ್ದು ಬಿಡುವಾಗ ಮೂಗಿಗೆ ಬಟ್ಟೆ ಮರೆಯಬೇಡ.

ನಿನ್ನ ತಂಗಿ,
ಪೂಜಾಶ್ರೀ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಆಗಲಿಲ್ಲ. ಆ ಓಣಂ ರಜೆಯ ಕೊನೆಯ ದಿನ ಮಹೇಶ್ವರಣ್ಣನ ಗ್ಯಾರೇಜಿನಲ್ಲಿ ದೊಡ್ಡ ಟಯರ್ ಹಾಕಿಸಿ ನನ್ನನ್ನು ಹಾಸ್ಟೆಲಿಗೆ ಬಿಡಲು ಹೊರಟಿದ್ದೆಯಲ್ಲ. ನೀನು ಚಾ ಕುಡಿಯಲು ಹೋಗಿದ್ದಾಗ ಮಹೇಶ್ವರಣ್ಣ ನನ್ನ ಹತ್ತಿರ ಹೇಳಿದರು, "ಮೀಟರಿನ ಸಣ್ಣ ಗಿಯರ್ ಬದಲಿಸಬೇಕು, ಸಾಮಾನು ನಾಳೆ ಬರುವುದು, ಜೀಪು ಇಲ್ಲೇ ಇರಲಿ, ಅಣ್ಣನಿಗೆ ಹೇಳು." ಆರು ಗಂಟೆಗೆ ಗೇಟು ಹಾಕುತ್ತಾರೆ, ವಾರ್ಡನ್ ಬೈಯುತ್ತಾರೆ ಎಂದು ನನಗೆ ಹೆದರಿಕೆ. ನಿನಗೆ ಹೇಳದೆಯೇ ಅವರಿಗೆ "ಬೇಡವಂತೆ" ಎಂದೆ. ದಾರಿಯಲ್ಲಿ, ಆ ತಿರುವಿಗೆ ಸ್ವಲ್ಪ ಮೊದಲು, ನೀನು "ಮೀಟರ್ ಎಲ್ಲ ಸರಿ ಮಾಡಿದ್ದಾರಾ?" ಎಂದು ಕೇಳಿದೆ. ನಾನು ಹೂಂ ಎಂದೆ. ಸುಳ್ಳು ಹೇಳಿದವಳು ನಾನು. ಈ ಲೆಟರಿನ ಇನ್ನೊಂದು ಪ್ರತಿ ಜೀಪಿನಲ್ಲಿರುವ ಡೀಸೆಲ್ ಬುಕ್ಕಿನೊಳಗೆ ಇಟ್ಟಿದ್ದೇನೆ, ತೆಗೆದುಬಿಡುವ ಮನಸ್ಸಾಗಬಾರದೆಂದು ಜೀಪಿನ ಕೀ ಅಪ್ಪನ ಕೈಗೇ ಕೊಟ್ಟಿದ್ದೇನೆ. ನಾಳೆ ಸೋಮವಾರ, ಪಂಪಿನಲ್ಲಿ ಅಪ್ಪ ಬುಕ್ ತೆರೆಯುತ್ತಾರೆ. ಇದು ನಿನ್ನ ಕೈಗೆ ಬರುವಾಗ ಅವರು ಓದಿರುತ್ತಾರೆ. ಅವರ ಫೋನ್ ಬಂದರೆ ಕಟ್ ಮಾಡಬೇಡ.