ಕಡೆಯ ಹತ್ತು ನಿಮಿಷ

ಬೈಲಹೊಂಗಲ, ಹೆಣ್ಣುಮಕ್ಕಳ ಹಾಸ್ಟೆಲ್
10 ಅಕ್ಟೋಬರ್ 2002, ಗುರುವಾರ

ಪ್ರೀತಿಯ ಅವ್ವಾ,

ಹೇಗಿದ್ದೀ? ಮೊಣಕಾಲು ನೋವು ಕಡಿಮೆಯಾಯಿತೇ? ಅಂಗನವಾಡಿಯ ಮಕ್ಕಳ ಹಿಂದೆ ಓಡಾಡಬೇಡ ಅಂದರೆ ನೀನು ಕೇಳುವವಳಲ್ಲ. ನಾನು ಆರಾಮಿದ್ದೇನೆ ಎಂದು ಬರೆಯಲು ಕೂತೆ, ಆದರೆ ನಿಜ ಹೇಳಬೇಕೆಂದರೆ ತುಂಬ ಹೆದರಿದ್ದೇನೆ. ಇಂಟರ್ನಲ್ಸ್ ಭಯ ಅಂದುಕೊಳ್ಳಬೇಡ, ಕೆಮಿಸ್ಟ್ರಿಯಲ್ಲಿ ಫೇಲಾದರೂ ನಾನು ಇಷ್ಟು ಹೆದರುತ್ತಿರಲಿಲ್ಲ. ಫೋನ್ ಮಾಡಿದರೆ ಮಾಂತೇಶ ಮಾಮಾ ಎತ್ತುತ್ತಾನೆ, ಅವನೆದುರು ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಈ ಪತ್ರ. ನನ್ನ ಕನ್ನಡ ನೋಡಿ ನಗಬೇಡ. ಚಿಕ್ಕಂದಿನಿಂದ ಕಿತ್ತೂರಿನ ಹಾಸ್ಟೆಲ್ಲಿನಲ್ಲಿ ಇಂಗ್ಲಿಷ್ ಮೀಡಿಯಂ ಓದಿದವಳು, ಹೆದರಿಕೆ ಮಾತ್ರ ಈಗಲೂ ಕನ್ನಡದಲ್ಲೇ ಬರುತ್ತದೆ.

ಹೋದ ಭಾನುವಾರ ಮಧ್ಯಾಹ್ನ ಹಾಸ್ಟೆಲ್ ಹಾಲಿನ ಟಿವಿಯಲ್ಲಿ 'ಅದು' ಬಂತು. ನಮ್ಮ ಮನೆಯಲ್ಲಿ ಆ ಸಿನಿಮಾಕ್ಕೆ ಹೆಸರೇ ಇಲ್ಲವಲ್ಲ, 'ಅದು' ಅಷ್ಟೇ. ಕೇಬಲ್‌ನವರು ಮತ್ತೆ ಮತ್ತೆ ಹಾಕುತ್ತಾರಂತೆ. ನನ್ನ ರೂಮ್‌ಮೇಟ್ ಮೀನಾಗಂತೂ ಮಾತುಮಾತೂ ಬಾಯಿಪಾಠ. "ಇನ್ನೂ ನೋಡಿಲ್ಲಾ? ಕ್ಲಾಸಿಕ್ ಅದ ಲೇ ಅದು! ಕರ್ಚೀಫ್ ತೊಗೊಂಡ ಬಂದ ಕುಂಡ್ರ" ಎಂದು ನನ್ನನ್ನು ಎಳೆದು ಕೂರಿಸಿದಳು. ಪರದೆಯ ಮೇಲೆ ನೀನು ಬಂದೆ. ಈಗ ನನಗಿರುವಷ್ಟೇ ವಯಸ್ಸು ನಿನಗೆ.

ನೀನು ಎಂದೂ ಹೇಳಲಿಲ್ಲ. ನನಗೆ ಗೊತ್ತಿದ್ದದ್ದು ಮುರಗೋಡದ ಕರೆವ್ವ ಅತ್ತೆ ಹೇಳಿದ್ದಷ್ಟೇ, ತಪ್ಪಿದ್ದರೆ ತಿದ್ದು. ನಾನು ಹುಟ್ಟುವ ಹಿಂದಿನ ವರ್ಷ ಧಾರವಾಡದ ಕಡೆಯ ಹುಡುಗರು ಸಿನಿಮಾ ತೆಗೆಯಲು ಬಂದು ಮುನವಳ್ಳಿಯ ಹೊಳೆದಂಡೆಯ ನಮ್ಮ ಹೊಲ ಕೇಳಿದರಂತೆ. ಅವರು ಕರೆತಂದ ನಟಿ ಎತ್ತುಗಳನ್ನು ಕಂಡು ಕಿರುಚಿ ಓಡಿದಳಂತೆ. ಅಪ್ಪ ನಗುತ್ತ, "ನಮ್ಮ ಮಹಾನಂದಾ ಮಾಡತಾಳ ತಗೀರಿ" ಅಂದನಂತೆ. ಆ ಕಥೆಯಲ್ಲಿ ಗಂಡ ಸಾಯುತ್ತಾನೆ, ಹೆಂಡತಿ ಕುಂಕುಮ ಅಳಿಸಿ ಬಳೆ ಒಡೆದುಕೊಳ್ಳಬೇಕು. ಸಿನಿಮಾ ಅಂದರೆ ಸಿನಿಮಾ ಎಂದು ನೀವಿಬ್ಬರೂ ತಿಳಿದಿರಿ. ಸವದತ್ತಿಯ ಟಾಕೀಸಿನಲ್ಲಿ ಕೂತವರು ಹಾಗೆ ತಿಳಿಯಲಿಲ್ಲ. ಅವರಿಗೆ ನೀನು ನಟಿಯಲ್ಲ, ನಿಂಗರಾಜನ ಹೆಂಡತಿ. ಗಂಡ ಅಲ್ಲೇ ಗಂಡಸರ ಸಾಲಿನಲ್ಲಿ ಗಟ್ಟಿಮುಟ್ಟಾಗಿ ಕೂತಿರುವಾಗ ಇವಳು ಬಳೆ ಒಡೆಯುತ್ತಿದ್ದಾಳೆ! ಮೊದಲು ಎದ್ದವಳು ಆಯಿ, ಅಪ್ಪನ ಅವ್ವ ಸಾವಂತ್ರೆವ್ವ. "ಏಳ್ರಿ ಎಲ್ಲಾರೂ, ಮುತ್ತೈದೇರು ನೋಡೂವಂಥಾದ್ದಲ್ಲ ಇದು." ಸಾವಂತ್ರೆವ್ವ ಎದ್ದ ಮೇಲೆ ಕೂಡುವವರು ಯಾರು? ಹೆಂಗಸರೆಲ್ಲ ಎದ್ದರು, ಅವರ ಹಿಂದೆ ಗಂಡಸರು. ಕಡೆಯ ಹತ್ತು ನಿಮಿಷ ಖಾಲಿ ಕುರ್ಚಿಗಳ ಮುಂದೆ ಓಡಿತು. ಮುನವಳ್ಳಿಗೆ, ಬೈಲಹೊಂಗಲಕ್ಕೆ, ರಾಮದುರ್ಗಕ್ಕೆ ಸಿನಿಮಾಕ್ಕಿಂತ ಮೊದಲೇ ಸುದ್ದಿ ಹೋಗಿ ಮುಟ್ಟಿತ್ತು. ವಾರದೊಳಗೆ ಆ ಹುಡುಗರು ರೀಲಿನ ಡಬ್ಬಿ ಕಟ್ಟಿಕೊಂಡು ಊರು ಬಿಟ್ಟರು. ಮರುವರ್ಷ ಅಪ್ಪನ ಟ್ರ್ಯಾಕ್ಟರ್ ಉರುಳಿತು, ಅಪ್ಪ ಉಳಿಯಲಿಲ್ಲ. ಆಗ ಆಯಿ ನಿನಗೆ ಅಂದದ್ದನ್ನು ನಾನು ಬರೆಯಲಾರೆ. ನನ್ನನ್ನು ಎತ್ತಿಕೊಂಡು ನೀನು ತವರೂರು ರಾಮದುರ್ಗದ ಬಸ್ ಹತ್ತಿದ್ದು ಅದಕ್ಕೇ ಅಲ್ಲವೇ?

ಆ ಹತ್ತು ನಿಮಿಷದಲ್ಲಿ ಏನಿದೆ ಎಂದು ಅಂದು ಯಾರೂ ನೋಡಲೇ ಇಲ್ಲ ಅವ್ವಾ. ಈಗ ಮನೆಮನೆಯಲ್ಲಿ ಟಿವಿ ಮುಂದೆ ಕೂತವರನ್ನು ಏಳಿಸುವವರಿಲ್ಲ, ಕೊನೆಯವರೆಗೂ ನೋಡುತ್ತಾರೆ. ಜನ ಹುಚ್ಚಾಗಿರುವುದು ಅದಕ್ಕೇ. ಬಳೆ ಒಡೆದ ಮರುದಿನ ನಸುಕಿನಲ್ಲಿ ನೀನು ಬರಿಗೈಯಲ್ಲಿ ಎತ್ತು ಹೂಡಿ ಹೊಲಕ್ಕೆ ಇಳಿಯುತ್ತೀ. ಹಾಡಿಲ್ಲ, ಮಾತಿಲ್ಲ, ಎತ್ತಿನ ಗಂಟೆಯ ಸದ್ದಷ್ಟೇ. ಸಾಲಿನ ಕೊನೆಗೆ ತಿರುಗಿ, ಯಾರನ್ನೋ ಕಂಡ ಹಾಗೆ, ಒಂದು ಸಲ ನಗುತ್ತೀ. ಅಲ್ಲಿಗೆ ಮುಗಿಯಿತು. ಹುಡುಗಿಯರೆಲ್ಲ ಬಿಕ್ಕುತ್ತಿದ್ದರು. ನನ್ನ ಬಾಯಿಂದ "ನಮ್ಮವ್ವ" ಎಂದು ಬಂದುಬಿಟ್ಟಿತು.

"ಹೌದಾ? ಹಂಗಾರ ನಮ್ಮಪ್ಪ ಪ್ರೈಮ್ ಮಿನಿಸ್ಟರ್" ಎಂದು ಮೀನಾ ನಕ್ಕಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ನೋಡುತ್ತ ಉಳಿದವರನ್ನೂ ಕೂಗಿ ಕರೆದಳು. ಮರುದಿನ ಕಾಲೇಜಿಗೆಲ್ಲ ಗೊತ್ತಾಯಿತು. ನಮ್ಮ ಕನ್ನಡ ಲೆಕ್ಚರರ್ ವೀರಪ್ಪ ಸರ್ ಸ್ಟಾಫ್ ರೂಮಿಗೆ ಕರೆಸಿ, "ಏನವಾ, ಇಂಥಾಕೀನ್ನ ರಾಮದುರ್ಗದಾಗ ಬಚ್ಚಿಟ್ಟೀರೇನ?" ಎಂದರು. ಈ ಭಾನುವಾರ ಸಂಜೆ ಕಾಲೇಜಿನ ಮೈದಾನದಲ್ಲಿ ಪರದೆ ಕಟ್ಟಿ ಅದನ್ನೇ ತೋರಿಸುತ್ತಾರಂತೆ, ನಿನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರಂತೆ. ವಿಳಾಸ ಕೇಳಿದರು. ಎಲ್ಲರೂ ನಿಂತು ನೋಡುತ್ತಿರುವಾಗ ಕೊಡುವುದಿಲ್ಲ ಅನ್ನಲಾಗಲಿಲ್ಲ. ಭಾನುವಾರ ಬೆಳಿಗ್ಗೆ ಜೀಪು ನಿನ್ನ ಬಾಗಿಲಿಗೆ ಬರುತ್ತದೆ.

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಅಪ್ಪನ ಊರಿನವರು ಮುರಗೋಡದಿಂದ ಟ್ರ್ಯಾಕ್ಟರ್ ಟ್ರೇಲರ್ ತುಂಬಿಕೊಂಡು ಬರುತ್ತಾರಂತೆ. ಇವತ್ತು ಅಳುವವರೆಲ್ಲ ಅಂದು ಎದ್ದು ಹೋದವರ ಮಕ್ಕಳೇ ಅಲ್ಲವೇ? ಆ ಸೀನ್ ಬಂದಾಗ ಕತ್ತಲಲ್ಲಿ ಯಾರಾದರೂ ಒಬ್ಬ ಮುದುಕಿ ಎದ್ದು ನಿಂತರೆ? ಅವಳ ಹಿಂದೆ ಇನ್ನೊಬ್ಬಳು ಎದ್ದರೆ? ನೀನು ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿರುತ್ತೀ, ಎದ್ದು ಓಡಲೂ ಆಗುವುದಿಲ್ಲ. ಇನ್ನೊಂದು ಭಯವಿದೆ, ಬೈಯಬೇಡ. ಸಿನಿಮಾದಲ್ಲಿ ನಕ್ಕ ಹಾಗೆ ನೀನು ನಕ್ಕದ್ದನ್ನು ನಾನು ಮನೆಯಲ್ಲಿ ಒಮ್ಮೆಯೂ ಕಂಡಿಲ್ಲ. ಅದನ್ನು ನೀನೇ ನೋಡಿದರೆ ನಿನಗೆ ಏನಾಗುತ್ತದೋ. ಪ್ಲೀಸ್ ಅವ್ವಾ, ಭಾನುವಾರ ಬೆಳಿಗ್ಗೆಯೇ ಮನೆಗೆ ಬೀಗ ಹಾಕಿ ಎಲ್ಲಿಗಾದರೂ ಹೋಗಿಬಿಡು. ಸರ್‌ಗೆ ನಾನು ಏನಾದರೂ ಹೇಳುತ್ತೇನೆ.

ಮಾಮಾನಿಗೂ ಸೋಮವ್ವ ಮಾಮಿಗೂ ನನ್ನ ನಮಸ್ಕಾರ ತಿಳಿಸು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ನನಗೆ ಧೈರ್ಯ ಬರಲಿ ಎಂದು ಹರಸು.

ನಿನ್ನ ಮಗಳು,
ಸಪ್ನಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಆಯಿ ಬಂದಿದ್ದಳು, ಮುರಗೋಡದಿಂದ ಒಬ್ಬಳೇ, ಬಸ್ಸಿನಲ್ಲಿ. ಬೈಯಲು ಬಂದಳೆಂದು ನಾನು ಬಚ್ಚಲುಮನೆಯಲ್ಲಿ ಅಡಗಿದ್ದೆ, ಮೀನಾ ಎಳೆದು ತಂದಳು. ಕರೆವ್ವ ಅತ್ತೆಯ ಮನೆಯ ಟಿವಿಯಲ್ಲಿ ಆಯಿಯೂ ನೋಡಿದ್ದಾಳೆ, ಈ ಸಲ ಕೊನೆಯವರೆಗೆ. ನನ್ನ ತಲೆಯ ಮೇಲೆ ಕೈಯಿಟ್ಟು ಅಂದದ್ದು ಇಷ್ಟೇ: "ಆ ಹೊಲಾ ಹೊಡಿಯೂ ಸೀನ ತಗದ ದಿನಾ ನಾನ ಎಲ್ಲಾರಿಗೂ ರೊಟ್ಟಿ ಒಯ್ದಿದ್ನಿ. ನನ್ನ ಮಗಾ ಕ್ಯಾಮರಾದ ಬಾಜೂಕ ನಿಂತಿದ್ದ. ಅಕಿ ಯಾರನ್ನ ನೋಡಿ ನಕ್ಕಾಳ ಅಂತ ಅಕೀ ಬಾಯಿಂದನ ಕೇಳೂದೈತಿ ನನಗ." ಭಾನುವಾರದ ಜೀಪಿನಲ್ಲಿ ಅವಳೂ ಬರುತ್ತಾಳೆ. ನನಗೂ ಜೀಪು ಹತ್ತು ಅಂದಿದ್ದಾಳೆ. ಈಗಲೂ ಹೆದರಿಕೆಯೇ, ಆದರೆ ಬೀಗ ಹಾಕಬೇಡ ಅವ್ವಾ.