ಕೊರಳಲ್ಲಿದ್ದ ಕರಡಿಗೆ

ಬ್ರೂಸ್‌ಪೇಟೆ, ಬಳ್ಳಾರಿ
೧೮ ಮಾರ್ಚ್ ೧೯೭೪

ಸತ್ಯಮ್ಮನ ತಂದೆಯವರಿಗೆ ದಾಕ್ಷಾಯಣಿಯ ಶರಣು.

ನಿಮ್ಮ ದ್ರಾಕ್ಷಿ ತೋಟ ನೋಡಿ ಬಂದು ವಾರವಾಯಿತು. ನೀವು ಕಟ್ಟಿಕೊಟ್ಟ ಹಣ್ಣು ಕುರುಗೋಡು ಬಸ್ಸಿನ ನೂಕುನುಗ್ಗಲಿನಲ್ಲಿ ಅರ್ಧ ರಸವಾಯಿತು. ಮಗಳ ಲಂಗದ ಕಲೆ ಇನ್ನೂ ಹೋಗಿಲ್ಲ.

ನಿಜ ಹೇಳುತ್ತೇನೆ, ನಾನು ತೋಟ ನೋಡಲು ಬಂದವಳಲ್ಲ. ನಿಮ್ಮ ಕುಡಿತ ತಾಳಲಾರದೆ ಅಣ್ಣನ ಮನೆ ಸೇರಿದವಳು ನಾನು. ಕುಡಿಯುವುದು ಬಿಟ್ಟೆ ಎನ್ನುವ ಗಂಡ ವೈನ್ ಮಾಡುವ ಕಡೆಯೇ ಕೆಲಸ ಹಿಡಿದರೆ ಯಾವ ಹೆಂಡತಿ ನಂಬುತ್ತಾಳೆ? ಒಂದು ದಿನದ ಮಟ್ಟಿಗೆ ಬಂದು ನೋಡು, ಮನಸ್ಸಾದರೆ ಮತ್ತೆ ಮನೆ ಮಾಡೋಣ ಎಂದು ಬರೆದಿರಿ, ಬಂದೆ. ಪೀಪಾಯಿಗಳ ನಡುವೆ ನೀವು ವೈನ್ ರುಚಿ ನೋಡುವಾಗ ನಾನು ನಿಮ್ಮ ಗಂಟಲನ್ನೇ ನೋಡುತ್ತಿದ್ದೆ. ಪ್ರತಿ ಗುಟುಕನ್ನೂ ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗುಳಿದಿರಿ. ನುಂಗಬಾರದು, ಅದೇ ಈ ಕೆಲಸದ ಪದ್ಧತಿ ಎಂದಿರಿ. ಆದರೂ ಹತ್ತಿರ ಬಂದಾಗ ಅದೇ ಹಳೆಯ ವಾಸನೆ.

ಸಿರುಗುಪ್ಪದ ಮನೆಯಲ್ಲಿ ನಾನು ಯಾವತ್ತೂ ನಿಮ್ಮ ಬಾಯಿ ಮೂಸಿದವಳಲ್ಲ. ಕುಡಿಯಲು ಹೋಗುವ ದಿನ ನೀವು ಲಿಂಗವನ್ನು ಕೊರಳಿಂದ ತೆಗೆದು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕುತ್ತಿದ್ದಿರಿ. ಶಿವನೆದುರು ಅಷ್ಟು ನಾಚಿಕೆ ಇತ್ತು, ನನ್ನೆದುರು ಇರಲಿಲ್ಲ. ಮೊಳೆ ಖಾಲಿಯಿದ್ದರೆ ನಿಮಗೆಂದು ಬಿಸಿ ರೊಟ್ಟಿ ತಟ್ಟುತ್ತಿದ್ದೆ, ಲಿಂಗವಿದ್ದರೆ ಮಗಳನ್ನು ಬೇಗ ಮಲಗಿಸುತ್ತಿದ್ದೆ.

ತೋಟದ ನಿಮ್ಮ ಕೋಣೆಗೆ ಬಂದೊಡನೆ ನನ್ನ ಕಣ್ಣು ಗೋಡೆ ಹುಡುಕಿದ್ದು ನಿಮಗೆ ತಿಳಿಯಿತು. ಅಂಗಿಯ ಗುಂಡಿ ಬಿಚ್ಚಿ ಲಿಂಗವನ್ನಿಡುವ ಬೆಳ್ಳಿ ಕರಡಿಗೆ ತೋರಿಸಿದಿರಿ.

"ನೋಡು, ಲಿಂಗ ಕೊರಳಾಗ ಐತಿ. ಇನ್ನಾದ್ರೂ ನಂಬ್ತೀಯೇನು?" ಎಂದಿರಿ.

ನನಗೆ ಅಳು ಬಂತು. ಸಂಶಯಪಟ್ಟ ನನ್ನ ಮೇಲೇ ಸಿಟ್ಟು ಬಂತು. ಒಲೆ ಎಲ್ಲಿ ಹೂಡಬೇಕು, ಶಾಲೆ ಎಷ್ಟು ದೂರ ಎಂದು ಊಟ ಬಡಿಸುತ್ತಾ ಕೇಳಿದ್ದು ಅದಕ್ಕೇ.

ಹೊರಡುವಾಗ ನಾನು ಮಾತಾಡಲಿಲ್ಲ, ಬಿಸಿಲಿಗೆ ತಲೆನೋವು ಎಂದುಕೊಂಡಿರಬಹುದು. ನಿಮ್ಮ ಕಾಗದ ನಿನ್ನೆ ಬಂತು. ಬಾಡಿಗೆ ಮನೆ ನೋಡಿದ್ದೀರಿ, ಶಾಲೆಯಲ್ಲಿ ಕೇಳಿ ಬಂದಿದ್ದೀರಿ, ಸಂತೋಷ. ನಾನಿನ್ನೂ ಟ್ರಂಕು ತುಂಬಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇಂತಿ,
ದಾಕ್ಷಾಯಣಿ

ತಾ.ಕ.: ಅಂದು ಊಟವಾಗಿ ನೀವು ಮಲಗಿದ್ದಾಗ ಕರಡಿಗೆ ಎದೆಯಿಂದ ಜಾರಿತು. ಎತ್ತಿಡಲು ಹೋದೆ, ತೂಕವೇ ಇರಲಿಲ್ಲ. ತೆರೆದರೆ ಖಾಲಿ. ಎದುರು ಗೋಡೆಯ ಕ್ಯಾಲೆಂಡರ್ ಉಬ್ಬಿಕೊಂಡಿತ್ತು. ಅದರ ಹಿಂದಿನ ಮೊಳೆಯಲ್ಲಿ ಲಿಂಗ ಬಟ್ಟೆ ಸುತ್ತಿಕೊಂಡು ತೂಗುತ್ತಿತ್ತು. ಬಾಯಿಗೆ ವೈನ್ ತಾಗುವ ಕೆಲಸ, ಅದಕ್ಕೇ ತೆಗೆದಿಟ್ಟೆ ಎಂದಿದ್ದರೆ ಒಪ್ಪುತ್ತಿದ್ದೆ. ಖಾಲಿ ಕರಡಿಗೆ ಯಾಕೆ ತೋರಿಸಿದಿರಿ? ಲಿಂಗವನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದೆ, ಇಲ್ಲಿ ದೇವರ ಜಗಲಿಯ ಮೇಲಿದೆ. ದಿನಾ ಪೂಜೆ ಮಾಡುತ್ತೇನೆ ಎಂದಿದ್ದಿರಿ. ವಾರವಾಯಿತು, ಲಿಂಗ ಎಲ್ಲಿ ಹೋಯಿತು ಎಂದು ನೀವಿನ್ನೂ ಕೇಳಿಲ್ಲ.